ಹೊಳೆಗೆ ಬಿಡದ ಆಮೆ

ಮೊದಲು ನನಗೆ ಕೇಳಿಸಿದ್ದು ಸದ್ದು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಯಾರೋ ಹುರಿಗಡಲೆ ಕಡಿಯುತ್ತಿರುವ ಹಾಗೆ, ಕರಕ್, ಕರಕ್. ಬಗ್ಗಿ ನೋಡಿದರೆ ಆಮೆ. ಕುತ್ತಿಗೆ ಉದ್ದಕ್ಕೆ ಚಾಚಿ ಗೋಡೆಯ ಸುಣ್ಣವನ್ನು ಕಡಿದು ತಿನ್ನುತ್ತಿತ್ತು. ಬಾಯಿಯ ಸುತ್ತ ಬಿಳಿ ಬಿಳಿ. ನನ್ನನ್ನು ಕಂಡು ಒಂದು ಗಳಿಗೆ ನಿಲ್ಲಿಸಿತು, ಮತ್ತೆ ಶುರು ಮಾಡಿತು.

ನ್ಯಾಮತಿಯ ನಮ್ಮ ಮನೆಗೆ ಅದು ಬಂದು ಆಗ ನಾಲ್ಕು ತಿಂಗಳಾಗಿತ್ತು. ನನ್ನ ತಮ್ಮನಿಗೆ ಉತ್ತರದ ಕಡೆ ವರ್ಗವಾಯಿತು. ಸಾಕಿದ ಆಮೆಯನ್ನು ಅಷ್ಟು ದೂರ ಒಯ್ಯಲಾರೆ ಎಂದು ಕಾಗದಪತ್ರದ ಸಮೇತ ತಂದು ಬಿಟ್ಟುಹೋದ. ಹೊರದೇಶದ ಜಾತಿ, ನೀರಿನದಲ್ಲ, ನೆಲದ ಮೇಲೆ ಬದುಕುವಂಥದ್ದು. ಊಟದ ತಟ್ಟೆಯಷ್ಟು ಅಗಲ. "ಏನು ಹಾಕಿದ್ರೂ ತಿಂತೈತೆ ಅಕ್ಕ" ಅಂದಿದ್ದ. ನಾನು ನಂಬಿದೆ. ಟೊಮೆಟೊ, ಸೌತೆಕಾಯಿ, ಬಾಳೆಹಣ್ಣು, ಉಳಿದ ಅನ್ನ ಹಾಕಿದೆ. ಬಿಸಿಲಿಗೆ ಪಾಪ ಎಂದು ಬಚ್ಚಲಿನ ಪಕ್ಕದ ನೆರಳಲ್ಲೇ ಇಟ್ಟೆ.

ಗೋಡೆಗೆ ಬೇವಿನೆಣ್ಣೆ ಬಳಿದು ನೋಡಿದೆ. ಆಮೆ ಎರಡು ಗೇಣು ಆಚೆ ಸರಿದು ಹೊಸ ಜಾಗ ಹಿಡಿಯಿತು. ಹಲಗೆ ಅಡ್ಡ ಇಟ್ಟರೆ ರಂಗೋಲಿ ಡಬ್ಬಿಯನ್ನು ಉರುಳಿಸಿ ಅದಕ್ಕೆ ಬಾಯಿ ಹಾಕಿತು. ಆಮೇಲೆ ನಾನು ಸುಮ್ಮನೆ ಕೂತು ನೋಡತೊಡಗಿದೆ. ಸುಣ್ಣ ಉದುರಿದ ಕಡೆ ಕಾಣುವ ಇಟ್ಟಿಗೆಯನ್ನು ಅದು ಮುಟ್ಟುತ್ತಿರಲಿಲ್ಲ. ಮರದ ಮಣೆ, ಪ್ಲಾಸ್ಟಿಕ್ ಬಕೆಟ್, ಮಣ್ಣು, ಯಾವುದೂ ಬೇಡ. ಬಿಳಿಯದು ಮಾತ್ರ ಬೇಕು.

ಒಂದು ದಿನ ಅತ್ತೆ ಪೂಜೆಯ ಸಾಮಾನು ತೊಳೆದು ಹಿತ್ತಲಲ್ಲಿ ಮಣೆಯ ಮೇಲೆ ಒಣಗಲು ಇಟ್ಟಿದ್ದರು. ಪಕ್ಕದಲ್ಲೇ ವಿಭೂತಿ ಗಟ್ಟಿ. ಹತ್ತು ನಿಮಿಷ ಬಿಟ್ಟು ಬಂದರೆ ಗಟ್ಟಿಯ ಒಂದು ಮೂಲೆ ಇಲ್ಲ.

"ಶಿವ ಶಿವಾ! ನಾನು ಹಣೆಗೆ ಹಚ್ಕೊಳ್ಳೋದನ್ನ ಇದು ಕಡಿದು ತಿಂತೈತಲ್ಲವ್ವ!"

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿದರು. "ಗೋಡೆ ತಿನ್ನೋದು ಮನೆಗೆ ಒಳ್ಳೇದಲ್ಲ ಕಣ್ರೀ. ಹೊಳೆಗೆ ಬಿಟ್ಟುಬಿಡ್ರಿ. ಅದಕ್ಕೂ ನೀರು ಸಿಗ್ತೈತೆ, ನಿಮಗೂ ಪುಣ್ಯ."

ನಮ್ಮ ಕಡೆ ಮನೆಯಲ್ಲಿ ಇಟ್ಟುಕೊಳ್ಳಲೂ ಆಗದ, ಕಸಕ್ಕೆ ಎಸೆಯಲೂ ಆಗದ ವಸ್ತುವನ್ನು ಹೊನ್ನಾಳಿಗೆ ಒಯ್ದು ತುಂಗಭದ್ರೆಗೆ ಬಿಡುತ್ತೇವೆ. ಗಾಜು ಒಡೆದ ದೇವರ ಪಟ, ಮುಕ್ಕಾದ ವಿಗ್ರಹ, ಬಾಡಿದ ಪೂಜೆಯ ಹೂವು. ಆ ಸಾಲಿಗೆ ಆಮೆಯೂ ಸೇರಿತು. ಸೋಮವಾರ ಬಿಡುವುದೆಂದು ನಿಗದಿಯಾಯಿತು. "ಬೆಳಿಗ್ಗೆ ಬೇಗ ಹೋಗಿ ಬಂದ್ಬಿಡೋಣ" ಎಂದು ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ ಹೇಳಿದರು.

"ಇದು ನೆಲದ ಆಮೆ, ಈಜಲ್ಲ. ಮುಳುಗಿ ಸಾಯುತ್ತೆ" ಅಂದೆ.

"ಆಮೆ ನೀರಾಗೆ ಸಾಯ್ತೈತಾ? ಯಾರಾದ್ರೂ ಕೇಳಿದ್ರೆ ನಕ್ಕಾರು" ಎಂದು ಅತ್ತೆ ಮೊದಲು ತಾವೇ ನಕ್ಕರು.

ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ಮೆಲ್ಲಗೆ ಮಾತಾಡುವುದು, ಬಾಗಿಲನ್ನು ಸದ್ದಿಲ್ಲದೆ ಹಾಕುವುದು, ಎಲ್ಲದಕ್ಕೂ 'ಯೆಸ್ ಸಿಸ್ಟರ್' ಅನ್ನುವುದು. ಮೂರನೇ ಕ್ಲಾಸಿನಲ್ಲಿ ನಾನು ಬಳಪ ತಿನ್ನುತ್ತಿದ್ದೆ. ಸಿಸ್ಟರ್ ಹಿಡಿದರು. ಬೆಲ್ ಹೊಡೆಯುವ ತನಕ ನಾಲಗೆಯ ಮೇಲೆ ಬಳಪದ ಚೂರು ಇಟ್ಟುಕೊಂಡು ಎಲ್ಲರ ಮುಂದೆ ನಿಂತಿದ್ದೆ. ಮನೆಯಲ್ಲಿ ಅಮ್ಮ ನನ್ನ ಬೆರಳಿಗೆ ಹಾಗಲಕಾಯಿ ರಸ ಹಚ್ಚಿದರು. ಯಾಕೆ ತಿನ್ನುತ್ತೀಯ ಎಂದು ಇಬ್ಬರೂ ಕೇಳಲಿಲ್ಲ. ಬೇವಿನೆಣ್ಣೆಯ ಕಲೆ ಬಿದ್ದ ಗೋಡೆ ನೋಡಿ ನನ್ನ ಮೇಲೇ ನನಗೆ ಸಿಟ್ಟು ಬಂತು. ನಾನೂ ಹಾಗಲಕಾಯಿ ಹಚ್ಚಿದವಳೇ.

ಶನಿವಾರ ಯಾರಿಗೂ ಹೇಳದೆ ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿ ದನದ ಆಸ್ಪತ್ರೆಗೆ ಹೋದೆ. ಸವಳಂಗದಿಂದ ಆಡು ಹಿಡಿದುಕೊಂಡು ಬಂದಿದ್ದ ಮುದುಕರೊಬ್ಬರು ಬುಟ್ಟಿಗೆ ಬಗ್ಗಿದರು. "ಏನ್ರೀ ತಾಯಿ, ಇದಕ್ಕೂ ಇಂಜೆಕ್ಷನ್ ಐತಾ? ಎಲ್ಲಿ ಚುಚ್ತಾರೆ?"

"ನಿಮ್ಮ ಆಡಿಗೆ ಎಲ್ಲಿ ಚುಚ್ತಾರೋ ಅಲ್ಲೇ" ಅಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು, ಮುದುಕರೂ ಸೇರಿ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ನೋಡ್ರಿ ಮೇಡಂ, ನಾನು ದನದ ಡಾಕ್ಟ್ರು. ಆಮೆ ವಿಷಯ ನನಗೆ ಗೊತ್ತಿಲ್ಲ, ಗೊತ್ತಿರೋರನ್ನ ಕೇಳ್ತೀನಿ." ಶಿವಮೊಗ್ಗದ ತಮ್ಮ ಸಹಪಾಠಿಗೆ ಫೋನ್ ಹಚ್ಚಿ, ಅವರು ಹೇಳಿದಂತೆ ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಇನ್ನೂ ಮೆತ್ತಗಾಗಿಲ್ಲ. ಈಗ ಬಂದಿದ್ದು ಒಳ್ಳೇದಾಯ್ತು. ಸುಣ್ಣದ ಅಂಶ ಸಾಲದು, ಬಿಸಿಲೂ ಸಾಲದು. ಅದಕ್ಕೇ ಗೋಡೆ ಕಡೀತೈತೆ. ಎಮ್ಮೆ ಗೋಡೆ ನೆಕ್ಕಲ್ವಾ? ಹಂಗೇ."

ಅನ್ನ, ಹಣ್ಣು ನಿಲ್ಲಿಸಬೇಕು. ಹುಲ್ಲು, ಸೊಪ್ಪು ಹಾಕಬೇಕು. ದಿನಾ ಎಳೆ ಬಿಸಿಲಿಗೆ ಬಿಡಬೇಕು, ಪಕ್ಕದಲ್ಲಿ ನೆರಳೂ ಇರಬೇಕು. ಎಲೆ-ಅಡಿಕೆಯ ಸುಣ್ಣ ತಪ್ಪಿಯೂ ಕೊಡಬಾರದು, ಬಾಯಿ ಸುಡುತ್ತದೆ. ಮೊಟ್ಟೆಯ ಸಿಪ್ಪೆಯನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಸೊಪ್ಪಿನ ಮೇಲೆ ಉದುರಿಸಬೇಕು.

"ಹೊಳೆಗೆ ಬಿಟ್ರೆ?"

"ಸಾಯ್ತೈತೆ ಮೇಡಂ. ಅದರಾಗೆ ಎರಡು ಮಾತಿಲ್ಲ."

ನಮ್ಮದು ಲಿಂಗಪೂಜೆಯ ಮನೆ. ನಾನು ಮದುವೆಯಾಗಿ ಬಂದಾಗಿನಿಂದ ಈ ಮನೆಯೊಳಗೆ ಮೊಟ್ಟೆ ಎಂಬ ಮಾತೇ ಬಂದಿಲ್ಲ.

ಸೋಮವಾರ ಬೆಳಿಗ್ಗೆ ಗಂಡ ಬೈಕ್ ಹೊರಗೆ ತೆಗೆದರು. ಅತ್ತೆ ಹೊಳೆಗೆ ಹಾಕಲು ಅರಿಸಿನ, ಕುಂಕುಮ, ಎರಡು ಬಾಳೆಹಣ್ಣು ಕಟ್ಟಿಕೊಂಡು ಬಂದರು. ಆಮೆಯ ಬುಟ್ಟಿ ನನ್ನ ಕೈಯಲ್ಲಿತ್ತು.

"ಕೊಡವ್ವ ಇತ್ಲಾಗೆ, ಹೊತ್ತಾಗ್ತೈತೆ."

"ಕೊಡಲ್ಲ ಅತ್ತೆ."

"ಏನಂದೆ?"

"ಕೊಡಲ್ಲ ಅಂದೆ. ಗೋವಿನಕೋವಿಯಲ್ಲಿ ನಿಮ್ಮ ತವರುಮನೆ ಎಮ್ಮೆ ಗೋಡೆ ನೆಕ್ತಿತ್ತು ಅಂತ ನೀವೇ ಹೇಳಿದ್ರಿ. ಅದನ್ನೂ ಹೊಳೆಗೆ ಬಿಟ್ರಾ?"

"ಎಮ್ಮೆ ಹಾಲು ಕೊಡ್ತಿತ್ತು ಕಣೇ!"

"ಹಾಲು ಕೊಡದವರನ್ನೆಲ್ಲ ಹೊಳೆಗೆ ಬಿಡಾಕೆ ಹೊರಟ್ರೆ ಈ ಮನೇಲಿ ಯಾರು ಉಳೀತೀವಿ ಅತ್ತೆ?"

ಗಂಡ ಹೆಲ್ಮೆಟ್ಟಿನೊಳಗೆ ಕೆಮ್ಮಿದರು. ನಾನು ಬಿಡಲಿಲ್ಲ. "ಎಮ್ಮೆಗೆ ಏನು ಮಾಡಿದ್ರಿ, ಹೇಳ್ರಿ."

"ಏನು ಮಾಡ್ತಾರೆ? ಉಪ್ಪು ಇಟ್ವಿ. ಬೂಸದಾಗೆ ಡಾಕ್ಟ್ರು ಕೊಟ್ಟ ಪುಡಿ ಕಲಸಿ ಇಟ್ವಿ."

"ಇದಕ್ಕೂ ಪುಡಿ ಇಡ್ತೀನಿ. ಮೊಟ್ಟೆ ಸಿಪ್ಪೆ ಪುಡಿ."

ಅತ್ತೆ ಬುಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಅದು ಈ ಮನೆ ಹೊಸ್ತಿಲು ದಾಟಿದ್ರೆ ನಾನಿಲ್ಲಿ ಹನಿ ನೀರು ಮುಟ್ಟಲ್ಲ."

"ಹೊಸ್ತಿಲು ದಾಟಲ್ಲ. ಮನೆ ಪಕ್ಕದ ಸಂದಿಯಿಂದ ಹಿತ್ತಲಿಗೆ ಬರುತ್ತೆ. ಒಲೆ ಬೇರೆ, ಪಾತ್ರೆ ಬೇರೆ. ನಾನು ಸ್ನಾನ ಮಾಡಿ ಒಳಗೆ ಬರ್ತೀನಿ. ಆದ್ರೆ ಬರುತ್ತೆ."

ಆಗಲೂ ನನ್ನ ದನಿ ಸಿಸ್ಟರ್ ಕಲಿಸಿದಷ್ಟೇ ಮೆಲ್ಲಗಿತ್ತು. ಬುಟ್ಟಿ ಹಿಡಿದ ಕೈಯನ್ನು ಮಾತ್ರ ಸಡಿಲ ಮಾಡಲಿಲ್ಲ. ಗಂಡ ಇಬ್ಬರ ಮುಖವನ್ನೂ ನೋಡಿ, ಬೈಕನ್ನು ಒಳಗೆ ತಳ್ಳಿದರು.

ಅತ್ತೆ ನನ್ನ ಜೊತೆ ಒಂಬತ್ತು ದಿನ ಮಾತಾಡಲಿಲ್ಲ. ನಾನು ಬಸ್ ಸ್ಟ್ಯಾಂಡಿನ ಎಗ್ ರೈಸ್ ಗಾಡಿಯಿಂದ ಸ್ಟೀಲ್ ಡಬ್ಬಿಯಲ್ಲಿ ಸಿಪ್ಪೆ ತಂದೆ, ಹಗಲು ಹೊತ್ತಿನಲ್ಲೇ, ನಡುಬೀದಿಯಲ್ಲೇ. "ಏನ್ರೀ, ಮೊಟ್ಟೆ ಶುರು ಮಾಡಿದ್ರಾ?" ಎಂದು ಪಕ್ಕದ ಮನೆಯಾಕೆ ಕೇಳಿದರು. "ನಾನಲ್ಲ, ನಮ್ಮ ಆಮೆ" ಅಂದೆ. ಹಿತ್ತಲಲ್ಲಿ ಮೂರು ಇಟ್ಟಿಗೆಯ ಒಲೆ ಹೂಡಿದೆ. ಗರಿಕೆ, ನುಗ್ಗೆಸೊಪ್ಪು, ದಾಸವಾಳದ ಎಲೆಯ ಮೇಲೆ ಪುಡಿ ಉದುರಿಸಿದೆ. ಮೊದಲ ಮೂರು ದಿನ ಆಮೆ ಟೊಮೆಟೊಗಾಗಿ ಮುಷ್ಕರ ಹೂಡಿತು. ನಾಲ್ಕನೇ ದಿನ ತಿಂದಿತು. ಎರಡು ತಿಂಗಳಾಗುವಷ್ಟರಲ್ಲಿ ಗೋಡೆಯ ಕಡೆಯ ಕರಕ್ ಸದ್ದು ನಿಂತಿತ್ತು.

ಅತ್ತೆ ಇವತ್ತಿಗೂ ಒಪ್ಪಿಲ್ಲ. ವಿಭೂತಿಯನ್ನು ಮೇಲಿನ ಗೂಡಿನಲ್ಲಿ ಇಡುತ್ತಾರೆ. ಆದರೆ ಬಿಸಿಲು ಸರಿದಾಗ ಒಳಗಿನಿಂದಲೇ ಕೂಗುತ್ತಾರೆ. "ನಿನ್ನ ಆಮೆ ನೆರಳಾಗೈತೆ ನೋಡವ್ವ!"

ಈ ಸಲ ಹಬ್ಬಕ್ಕೆ ಬಣ್ಣ ಬಳಿಯಲು ಬಂದವರು ಹಿತ್ತಲ ಗೋಡೆಯಲ್ಲಿ ಆಮೆ ಕಡಿದ ತಗ್ಗಿನ ಮೇಲೆ ಬೆರಳಾಡಿಸಿ, ಸಿಮೆಂಟ್ ಮೆತ್ತಿ ಮುಚ್ಚುತ್ತೇವೆ ಅಂದರು.

"ಅಷ್ಟು ಜಾಗ ಹಂಗೇ ಬಿಡ್ರಿ" ಅಂದೆ.

"ಬಂದೋರು ಕೇಳಲ್ವೇನೇ, ಇದು ಯಾಕೆ ಹಿಂಗೈತೆ ಅಂತ?" ಎಂದರು ಅತ್ತೆ.

"ಕೇಳಲಿ ಅತ್ತೆ. ಕೇಳಿದ್ರೆ ಹೇಳ್ತೀನಿ."