ಧನುರ್ಮಾಸದ ಕ್ರಿಸ್ಮಸ್ ಮರ

ಮೈಸೂರಿನ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ ಇಂದುಮತಿ ಅಮೆರಿಕದ ಲೊಂಬಾರ್ಡ್ ಊರಿಗೆ ಬಂದಮೇಲೆ ಮನೆಯಲ್ಲೇ ಉಳಿದಿದ್ದಳು. ಅವಳ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. 2008ರ ಚಳಿಗಾಲದಲ್ಲಿ ಗಂಡ ತಿರುಮಲೇಶನ ಕೆಲಸವೂ ಹೋಯಿತು. ಅಂದಿನಿಂದ ಅವನಿಗೆ ಸೋಫಾವೇ ಗತಿ. ಊಟ ಎಂದರೆ ಊಟ, ನಿದ್ದೆ ಎಂದರೆ ನಿದ್ದೆ. ಇಂದುಮತಿಗೆ ಅಳುವೂ ಬರುತ್ತಿರಲಿಲ್ಲ.

ಪ್ರತಿ ಧನುರ್ಮಾಸದಲ್ಲೂ ಸೂರ್ಯ ಹುಟ್ಟುವ ಮೊದಲೇ ಸ್ನಾನ ಮಾಡಿ, ದೇವರಿಗೆ ಹುಗ್ಗಿ ನೈವೇದ್ಯ ಮಾಡಿ, ಗಂಟೆ ಬಾರಿಸುತ್ತಿದ್ದವನು ಅವನು. ಈ ಸಲ ಗಂಟೆ ಮುಟ್ಟಿರಲಿಲ್ಲ. ಒಂದು ದಿನವಾದರೂ ಅವನು ಎದ್ದು ಪೂಜೆಗೆ ನಿಂತರೆ ಸಾಕಿತ್ತು ಅವಳಿಗೆ. ಹೀಗೇ ಉಳಿದುಬಿಟ್ಟರೆ?

ಎದುರುಮನೆಯವರೂ ಕೆಲಸ ಕಳೆದುಕೊಂಡು ಡೆಟ್ರಾಯಿಟ್ ಕಡೆಯ ತಾಯಿಮನೆಗೆ ಹೊರಟಾಗ, ತಮ್ಮ ಕ್ರಿಸ್ಮಸ್ ಮರವನ್ನು ಇಂದುಮತಿಯ ಮಗಳು ಮಾನ್ಯಾಳಿಗೆ ಕೊಟ್ಟುಹೋದರು. ಬೇರೆ ಜಾಗವಿಲ್ಲದೆ ಇಂದುಮತಿ ಅದನ್ನು ದೇವರ ಶೆಲ್ಫಿನ ಪಕ್ಕ ನಿಲ್ಲಿಸಿದಳು.

"ರೀ, ನೋಡಿ, ನಿಮ್ಮ ಪೆರುಮಾಳಿಗೆ ಹೊಸ ನೆರೆಯವರು."

ತಿರುಮಲೇಶ ಸೋಫಾದಲ್ಲಿ ಆಚೆ ಮಗ್ಗುಲಾದ.

"ಮಾನ್ಯಾ, ಯೇಸು ಹುಟ್ಟಿದ ಊರಲ್ಲಿ ಇಂಥ ಮರ ಇತ್ತೇನೇ?"

"ನೋ ಅಮ್ಮ, ಇಟ್ಸ್ ಓಲ್ಡರ್."

ಅವಳ ಟೀಚರ್ ಹೇಳಿದ್ದರಂತೆ: ಯೇಸು ಹುಟ್ಟಿದ ದಿನ ಬೈಬಲಿನಲ್ಲೇ ಇಲ್ಲ. ಡಿಸೆಂಬರಿನಲ್ಲಿ ರೋಮಿನವರು ಸೂರ್ಯನ ಹಬ್ಬ ಮಾಡುತ್ತಿದ್ದರು. ಉತ್ತರದ ಚಳಿನಾಡಿನವರು ಬಾಡದ ಹಸಿರು ಕೊಂಬೆಗಳನ್ನು ಮನೆಯೊಳಗೆ ತರುತ್ತಿದ್ದರು. ಕ್ರಿಸ್ತನ ಹಬ್ಬ ಆಮೇಲೆ ಬಂದು ಅವುಗಳ ಜೊತೆ ಬೆರೆಯಿತು.

"ಕೊಂಬೆ ಯಾಕಂತೆ?"

"ದೆ ವರ್ ಸ್ಕೇರ್ಡ್. ಸನ್ ವಾಪಸ್ ಬರದೇ ಇದ್ರೆ ಅಂತ."

ಇಂದುಮತಿ ಸೋಫಾದ ಕಡೆ ನೋಡಿದಳು.

ಮರುದಿನ ಕತ್ತಲಿರುವಾಗಲೇ ಎದ್ದು ಹುಗ್ಗಿ ಮಾಡಿದಳು. ಮರವೂ ಸೂರ್ಯನದೇ ಎಂದಮೇಲೆ ಬಿಡುವುದು ಹೇಗೆ? ಕುಂಕುಮ ಹಚ್ಚಿ, ಕರ್ಪೂರದಾರತಿಯನ್ನು ಅದಕ್ಕೂ ಎತ್ತಿದಳು. ಒಣಗಿದ್ದ ಕೊಂಬೆ ಚಟಚಟನೆ ಹೊತ್ತಿಕೊಂಡಿತು. ಕೈಗೆ ಸಿಕ್ಕ ಚೊಂಬಿನ ನೀರು ಎರಚಿದಳು. ಬೆಂಕಿಯೇನೋ ಆರಿತು, ಹೊಗೆ ಎದ್ದು ಚಾವಣಿಯ ಅಲಾರಂ ಕಿರುಚತೊಡಗಿತು.

ತಿರುಮಲೇಶ ಎದ್ದ. ಒಗ್ಗರಣೆಯ ಹೊಗೆಗೆ ಎಂದಿನಿಂದಲೂ ಮಾಡುತ್ತಿದ್ದಂತೆ ಟವೆಲ್ ಎಳೆದುಕೊಂಡು, ಕುರ್ಚಿ ಹತ್ತಿ, ಅಲಾರಂ ಕೆಳಗೆ ಬೀಸಿದ.

"ಕ್ರಿಸ್ಮಸ್ ಟ್ರೀಗೆ ಯಾರಾದ್ರೂ ಮಂಗಳಾರತಿ ಎತ್ತುತ್ತಾರೇನೇ?"

"ನೀವು ಎದ್ದು ಪೂಜೆ ಮಾಡಿದ್ರೆ ನಾನ್ಯಾಕೆ ಎತ್ತುತ್ತಿದ್ದೆ?"

ಅಲಾರಂ ನಿಂತಿತು. ಅವನು ಕೆಳಗಿಳಿದು ಸೋಫಾದತ್ತ ಹೊರಟವನು ನಡುವೆಯೇ ನಿಂತ.

"ನೈವೇದ್ಯ ಆಯ್ತಾ?"

"ಇಲ್ಲ. ಗಂಟೆ ತಗೊಳ್ಳಿ."

"ಸ್ನಾನ ಆಗಿಲ್ವಲ್ಲೇ ನಂದು."

ಅವನ ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ನೀರು ಬಿಟ್ಟ ಸದ್ದು ಕೇಳಿಸಿತು.

ಇಂದುಮತಿ ಹುಗ್ಗಿಯ ಪಾತ್ರೆಗೆ ತಟ್ಟೆ ಮುಚ್ಚಿ ಕಿಟಕಿಯಾಚೆ ನೋಡಿದಳು. ಹಿಮದ ಮೇಲೆ ಇನ್ನೂ ಕತ್ತಲಿತ್ತು. ಪೂಜೆಯ ಹೊತ್ತು ಮೀರಿರಲಿಲ್ಲ.