ಮಲ್ಲಪ್ಪ ನುಂಗಿದ ಪಾವ್

"ನುಂಗಬೇಡಿ, ಅಗಿಯುತ್ತಲೇ ಇರಿ" ಎಂದು ಎಲ್ಲರಿಗೂ ಪಾವ್‌ನ ತುಂಡು ಕೊಟ್ಟು ನಾನು ಬೋರ್ಡಿನತ್ತ ತಿರುಗುವಷ್ಟರಲ್ಲಿ ಮಲ್ಲಪ್ಪನ ಬಾಯಿ ಖಾಲಿಯಾಗಿತ್ತು.

ಎಪ್ಪತ್ತರ ದಶಕದಲ್ಲಿ ಮುಂಬಯಿಯ ಭಾಂಡುಪ್‌ನ ಕನ್ನಡ ರಾತ್ರಿಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ವಿಜಾಪುರದ ಮಲ್ಲಪ್ಪ ಹಗಲೆಲ್ಲ ಇಟ್ಟಿಗೆ ಹೊತ್ತು ನೇರ ಕ್ಲಾಸಿಗೆ ಬರುತ್ತಿದ್ದ. ಜೊಲ್ಲಿನಲ್ಲಿರುವ ಕಿಣ್ವ ಪಾವ್‌ನ ಪಿಷ್ಟವನ್ನು ಸಕ್ಕರೆಯಾಗಿಸುವುದು ವಿದ್ಯಾರ್ಥಿಗಳ ನಾಲಿಗೆಗೇ ಗೊತ್ತಾಗಲಿ, ಆ ಸಕ್ಕರೆಯಿಂದ ಜೀವಕೋಶದ ಕಿಣ್ವಗಳು ಹಂತಹಂತವಾಗಿ ಶಕ್ತಿ ಹೊರತೆಗೆಯುವುದನ್ನು ಆಮೇಲೆ ಹೇಳೋಣ ಎಂದುಕೊಂಡಿದ್ದೆ.

"ಸಿಹಿ ಆಯ್ತಾ ಮಲ್ಲಪ್ಪ?" ಎಂದೆ.

ಅವನು ತಲೆ ತಗ್ಗಿಸಿದ. "ಮುಂಜಾನಿಂದ ಏನೂ ತಿಂದಿದ್ದಿಲ್ರಿ ಅಕ್ಕೋರ. ಬಾಯಾಗ ಇಟ್ಕೊಳ್ಳಾಕ ಆಗ್ಲಿಲ್ರಿ."

ಶಕ್ತಿಯ ಪಾಠ ಹೇಳಲು ಹೊರಟ ನಾನು ಅವನ ಹಸಿವನ್ನೇ ಗಮನಿಸಿರಲಿಲ್ಲ.

ಮುಂದೆ ಆ ಪಾಠವಿದ್ದ ದಿನ ತಲೆಗೆರಡು ಪಾವ್ ಒಯ್ಯುತ್ತಿದ್ದೆ. ಮೊದಲನೆಯದನ್ನು ಎಲ್ಲರೂ ನುಂಗಿ ಮುಗಿಸುವ ತನಕ ಬೋರ್ಡಿನ ಕಡೆ ತಿರುಗುತ್ತಲೇ ಇರಲಿಲ್ಲ.