ಶಂಕರಮ್ಮನ ಕಾಯಿ, ರುದ್ರೇಶನ ಅಟ್ಟ

೧೯೮೨ರಲ್ಲಿ ನಾನು ತೆರಿಗೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದೆ. ಕಚೇರಿ ಇದ್ದದ್ದು ತುಮಕೂರಿನಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತಿರುಗಾಟ ನನ್ನ ಪಾಲಿಗೆ ಬಂದಿತ್ತು. ವಯಸ್ಸು ಮೂವತ್ತಮೂರು. ಸಣ್ಣ ವ್ಯಾಪಾರಿಗಳು ನನ್ನ ರೆಕ್ಸಿನ್ ಚೀಲ ಕಂಡರೆ ಎದ್ದು ನಿಲ್ಲುತ್ತಿದ್ದರು. ಅದರಿಂದ ನನಗೆ ಸ್ವಲ್ಪ ತಲೆ ತಿರುಗಿತ್ತು ಅಂತಲೂ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಎದೆ ತಟ್ಟಿಕೊಂಡು ಹೇಳುವಂಥ ಕೆಲಸಗಳನ್ನೂ ನಾಲ್ಕಾರು ಮಾಡಿದ್ದೇನೆ. ಅವನ್ನು ಮೊಮ್ಮಕ್ಕಳಿಗೆ ಹೇಳಿ ಹೇಳಿ ಅವಕ್ಕೂ ಸಾಕಾಗಿದೆ. ಇದೊಂದನ್ನು ಮಾತ್ರ ಮನೆಯಲ್ಲೂ ಹೇಳಿಲ್ಲ.

ಆ ಕಾಲದಲ್ಲಿ ನಮ್ಮ ಸೀಮೆಯಿಂದ ಒಬ್ಬ ಕ್ರಿಕೆಟ್ ಆಟಗಾರ ದೇಶದ ತಂಡಕ್ಕೆ ಹೋಗಿದ್ದ. ನಿಜವಾದ ಹೆಸರು ಬೇಡ, ರುದ್ರೇಶ್ ಎಂದಿಟ್ಟುಕೊಳ್ಳೋಣ. ಕಿಬ್ಬನಹಳ್ಳಿ ಕ್ರಾಸಿನಿಂದ ಒಳಕ್ಕೆ ಹೋದರೆ ಅವನ ಊರು. ವೇಗದ ಬೌಲರ್. ಅವನು ಆಡುವ ದಿನ ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿ ತಕ್ಕಡಿ ನಿಲ್ಲಿಸಿ ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಳ್ಳುತ್ತಿದ್ದರು. ನಾನೂ ಕಡತದ ಮರೆಯಲ್ಲಿ ಪುಟ್ಟ ರೇಡಿಯೋ ಇಟ್ಟುಕೊಂಡು ಕಾಮೆಂಟರಿ ಕೇಳಿದವನೇ. ಟೂತ್‌ಪೇಸ್ಟ್ ಡಬ್ಬಿಯ ಮೇಲೆ ಅವನ ಫೋಟೋ ಬಂದಾಗ ಅದುವರೆಗೆ ಹಲ್ಲುಪುಡಿ ಬಳಸುತ್ತಿದ್ದ ನಮ್ಮ ಮನೆಗೂ ಪೇಸ್ಟ್ ಬಂತು.

ಆ ವರ್ಷ ರುದ್ರೇಶ್ ಸಲ್ಲಿಸಿದ ರಿಟರ್ನ್, ಅಂದರೆ ವರ್ಷದ ಆದಾಯದ ಘೋಷಣೆ, ನಮ್ಮ ಕಚೇರಿಗೆ ಬಂತು. ಜಾಹೀರಾತಿನಿಂದ ಬಂದದ್ದು ಅಲ್ಪ, ತೆಂಗಿನ ತೋಟದಿಂದ ಬಂದದ್ದು ರಾಶಿ ಎಂದು ಅದರಲ್ಲಿ ಬರೆದಿತ್ತು. ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಕೃಷಿಯಿಂದ ಬಂದ ಹಣಕ್ಕೆ ಆದಾಯ ತೆರಿಗೆ ಇಲ್ಲ. ಆದ್ದರಿಂದ ಬೇರೆ ಕಡೆ ಗಳಿಸಿದ ಹಣವನ್ನು ತೆಂಗಿನ ಮರದಿಂದ ಇಳಿಸಿದ್ದು ಅಂತ ತೋರಿಸಿಬಿಟ್ಟರೆ ತೆರಿಗೆಯ ಕಾಟವೇ ಇರುವುದಿಲ್ಲ. ಇದು ಆಗ ಹೊಸ ಉಪಾಯವೇನೂ ಅಲ್ಲ.

ನಮ್ಮ ಆಫೀಸರು ಕರಾವಳಿ ಕಡೆಯವರು, ಕಡಿಮೆ ಮಾತಿನವರು. ಕಡತವನ್ನು ನನ್ನ ಮುಂದೆ ತಳ್ಳಿ, "ನೀವು ಇದೇ ಸೀಮೆಯವರು. ಹೋಗಿ ಮರ ಎಣಿಸಿಕೊಂಡು ಬನ್ನಿ" ಅಂದರು.

ಬಸ್ಸಿನಲ್ಲಿ ಕೂತು ಕಡತ ತೆರೆದರೆ ಮೊದಲನೇ ಹಾಳೆಯಲ್ಲೇ ಸುಳ್ಳು ಕಾಣಿಸಿತು. ತೋಟ ಕೊಂಡದ್ದು ಜನವರಿಯಲ್ಲಿ. ಮಾರ್ಚಿ ಮುಗಿಯುವಷ್ಟರಲ್ಲಿ ಆ ತೋಟದ ಉಂಡೆ ಕೊಬ್ಬರಿ ಮಾರಿದ್ದಾಗಿದೆ ಎಂದು ಲೆಕ್ಕ. ಇದನ್ನು ಬರೆದ ಬೆಂಗಳೂರಿನ ಆಡಿಟರು ಕೊಬ್ಬರಿಯನ್ನು ಅಂಗಡಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿದವರಲ್ಲ. ನಮ್ಮಲ್ಲಿ ಕಾಯಿ ಇಳಿಸಿ ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಅದರ ಗೊಡವೆಗೆ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಎರಡು ತಿಂಗಳಲ್ಲಿ ಕೊಬ್ಬರಿ ಮಾಡುವ ವಿದ್ಯೆ ತಿಪಟೂರಿನಲ್ಲಿ ಯಾರಿಗೂ ಬರುವುದಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿಯುವಾಗ ನನಗೆ ಎಲ್ಲ ಗೊತ್ತಿತ್ತು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅದು ಸೆಪ್ಟೆಂಬರ್. ತೋಟದಲ್ಲಿ ರುದ್ರೇಶನೇ ಇದ್ದ. ಬಿಳಿ ಪ್ಯಾಂಟು, ತೋಳು ಮಡಿಸಿದ ಅಂಗಿ. ರೇಡಿಯೋದಲ್ಲಿ ಹೆಸರು ಕೇಳಿ, ಪೇಸ್ಟ್ ಡಬ್ಬಿಯ ಮೇಲೆ ಮುಖ ನೋಡಿದ್ದ ಮನುಷ್ಯ ಕೈಮುಗಿದು, "ಬನ್ನಿ ಸಾರ್, ಬಿಸಿಲಲ್ಲಿ ಬಂದ್ರಿ. ಮೊದಲು ಎಳನೀರು ಕುಡೀರಿ" ಅಂದ. ತೋಟ ನೋಡಿಕೊಳ್ಳುತ್ತಿದ್ದ ಅವನ ಚಿಕ್ಕಪ್ಪ ಪರಮೇಶಪ್ಪ ಪಕ್ಕದಲ್ಲಿ ನಿಂತಿದ್ದರು. ಬೇಲಿಯಾಚೆ ಅರ್ಧ ಊರು ಸೇರಿತ್ತು.

ಮರ ಎಣಿಸಿದೆ. ಕಾಗದದಲ್ಲಿ ಆರು ನೂರು ಫಲ ಬಿಡುವ ಮರ. ನೆಲದ ಮೇಲೆ ಇದ್ದದ್ದು ಇನ್ನೂರ ಹತ್ತು. ಉಳಿದವು ಮೊಳಕಾಲೆತ್ತರದ ಸಸಿಗಳು. ನಾನು ಎಣಿಸುತ್ತಿದ್ದಾಗ ರುದ್ರೇಶ್ ಜೊತೆಗೇ ನಡೆಯುತ್ತಿದ್ದ. ಯಾವುದಕ್ಕೋ ನಾನು ಅವನ ಒಂದು ಪಂದ್ಯದ ಮಾತೆತ್ತಿದೆ. ಅವನು ಬಗ್ಗಿ, ಉದುರಿ ಬಿದ್ದಿದ್ದ ತೆಂಗಿನ ಹೀಚೊಂದನ್ನು ಎತ್ತಿಕೊಂಡು ನನ್ನ ಕೈಗಿಟ್ಟ. "ಔಟ್‌ಸ್ವಿಂಗರ್‌ಗೆ ಬೆರಳು ಹಿಂಗಿರಬೇಕು ಸಾರ್" ಎಂದು ನನ್ನ ತೋರುಬೆರಳು, ನಡುಬೆರಳು ಹಿಡಿದು ಅದರ ಮೇಲೆ ಕೂರಿಸಿದ. ಹೆಬ್ಬೆರಳನ್ನು ಕೆಳಕ್ಕೆ ಸರಿಸಿದ. ಲಂಚ ಅಂತ ನಾನು ಬದುಕಿನಲ್ಲಿ ಒಂದು ಕಾಸು ಮುಟ್ಟಿದವನಲ್ಲ. ಆದರೆ ಆ ಹೊತ್ತಿಗೆ ನಾನು ಮಾರಿಹೋಗಿದ್ದೆ, ಒಂದು ಹೀಚಿಗೆ.

ಆಮೇಲೆ ತೋಟದ ಮನೆ. ಆ ಬೇಸಿಗೆಯಲ್ಲೇ ಕಟ್ಟಿದ್ದು, ಗೋಡೆಗೆ ಸುಣ್ಣದ ವಾಸನೆ ಇನ್ನೂ ಇತ್ತು. ಅಟ್ಟದ ತುಂಬ ಕಾಯಿ. ಪರಮೇಶಪ್ಪನವರು, "ಒಂಬತ್ತು ಸಾವಿರ ಅವೆ ಸಾರ್, ಎಲ್ಲಾ ನಮ್ಮ ತೋಟದ್ದೇಯ" ಅಂದರು. ನಾನು ಏಣಿ ಹತ್ತಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ನಮ್ಮಮ್ಮ ಕಲಿಸಿದ ಕೆಲಸ ಅದು. ಹಸಿ ಕಾಯಲ್ಲಿ ನೀರು ಕುಲುಕುತ್ತದೆ, ಒಣಗಿದ್ದರಲ್ಲಿ ಉಂಡೆ ಗಡಗಡ ಉರುಳುತ್ತದೆ. ಇದು ಗಡಗಡ ಅಂದಿತು. ಪಕ್ಕದ್ದು ಕುಲುಕಿತು. ಅದರ ಪಕ್ಕದ್ದು ಮತ್ತೆ ಗಡಗಡ. ಕೊಂಡು ಎಂಟು ತಿಂಗಳಾದ ತೋಟಕ್ಕೆ ಹನ್ನೊಂದು ತಿಂಗಳ ಕಾಯಿ ಎಲ್ಲಿಂದ ಬರಬೇಕು? ಅಲ್ಲದೆ ಹಳೇದನ್ನೂ ಹೊಸದನ್ನೂ ಹೀಗೆ ಕಲಸಿ ಹಾಕುವವರು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ನಾನು ಬರುವ ಸುದ್ದಿ ತಿಳಿದು ಊರಿನ ಏಳೆಂಟು ಮನೆಯವರು ತಮ್ಮ ತಮ್ಮ ಅಟ್ಟದ ಕಾಯಿ ತಂದು ಇವನ ಅಟ್ಟ ತುಂಬಿಸಿದ್ದರು.

ಕೆಳಗೆ ನೋಡಿದೆ. ಏಣಿಯ ಬುಡದಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ನನ್ನನ್ನೇ ನೋಡುತ್ತ ನಿಂತಿದ್ದರು. ಯಾರು ಅಂತ ಆಗ ಕೇಳಲಿಲ್ಲ. ರುದ್ರೇಶನೂ ನೋಡುತ್ತಿದ್ದ. ನಾನು ಕಾಯಿ ವಾಪಸ್ ಇಟ್ಟು ಇಳಿದೆ.

ವರದಿಯಲ್ಲಿ ಹೀಗೆ ಬರೆದೆ: "ತೋಟ ಉತ್ತಮ ಸ್ಥಿತಿಯಲ್ಲಿದೆ. ದಾಸ್ತಾನು ಘೋಷಣೆಗೆ ಹೊಂದುತ್ತದೆ." ಮರದ ಲೆಕ್ಕದ ಕಡೆ 'ಸುಮಾರು' ಎಂಬ ಪದ ಹಾಕಿ ಜಾರಿಕೊಂಡೆ. ಇಷ್ಟಕ್ಕೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಬಿಗಿಯಾಗಿ ತಪಾಸಣೆ ಮಾಡಿದ ಹಾಗೆ ಕಾಣಲಿ ಅಂತ ಪರಮೇಶಪ್ಪನವರಿಂದ ಒಂದು ಮುಚ್ಚಳಿಕೆಯನ್ನೂ ಬರೆಸಿಕೊಂಡೆ. ಮುಚ್ಚಳಿಕೆ ಅಂದರೆ ಬರೆದು ಸಹಿ ಮಾಡಿದ ಮಾತು. ಅಧಿಕಾರಿಗಳು ಮತ್ತೊಮ್ಮೆ ಬಂದು ನೋಡುವವರೆಗೆ ಅಟ್ಟದ ಕಾಯಿ ಕದಲಿಸುವುದಿಲ್ಲ ಎಂದು. ಬೇಲಿಯಾಚೆಯ ಜನಕ್ಕೆ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದೂ ನಾನೇ. ಕಳ್ಳನನ್ನು ಬಿಟ್ಟು ಬಾಗಿಲಿಗೆ ಬೀಗ ಹಾಕಿದ ಜಾಣ ನಾನು.

ಮೂರು ವಾರದ ಮೇಲೆ ತುರುವೇಕೆರೆ ಕಡೆಯಿಂದ ಬಂದು ಕಿಬ್ಬನಹಳ್ಳಿ ಕ್ರಾಸಿನಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಿದ್ದೆ. ಏಣಿಯ ಬುಡದಲ್ಲಿದ್ದ ಅದೇ ಹೆಂಗಸು ಬಂದು ಟೀ ಅಂಗಡಿಯ ಬೆಂಚಿನ ತುದಿಗೆ ಕೂತರು. ಹೆಸರು ಶಂಕರಮ್ಮ. ಗಂಡ ತೀರಿಹೋಗಿ ನಾಲ್ಕು ವರ್ಷ, ಒಬ್ಬಳೇ ಮಗಳು.

"ಆ ಅಟ್ಟದಲ್ಲಿ ನಂದು ಎರಡು ಸಾವ್ರದ ಇನ್ನೂರು ಕಾಯಿ ಅವೆ ಸ್ವಾಮಿ. ಬೇರೆಯೋರ್ದು ಇನ್ನಾ ಹಸಿ, ಅವರು ಕಾಯ್ತಾರೆ. ನಂದು ಒಡೆಯೋ ಕಾಲ ಬಂದದೆ. ಮಗಳಿಗೆ ತುಮಕೂರಲ್ಲಿ ಮೇಷ್ಟ್ರ ಟ್ರೇನಿಂಗಿಗೆ ಸೀಟು ಸಿಕ್ಕದೆ. ತಿಂಗ್ಳ ಕೊನೆಗೆ ದುಡ್ಡು ಕಟ್ಬೇಕು. ನನ್ನ ಕಾಯಿ ಎತ್ಕೊಳ್ಳಾಕೆ ಬುಡಿ."

"ಹಾಗಾದ್ರೆ ಅದು ರುದ್ರೇಶ್ ಅವರ ಕಾಯಲ್ಲ ಅಂತ ಬರೆದುಕೊಡ್ತೀರಾ?" ಅಂದೆ. ನನಗೆ ಗೊತ್ತಿದ್ದುದನ್ನು ಆ ವಿಧವೆಯ ಬಾಯಿಂದ ಹೇಳಿಸಬೇಕಿತ್ತಂತೆ, ಎಂಥ ಧೈರ್ಯ ನೋಡಿ.

"ಅಯ್ಯೋ, ಬಿಡ್ತು ಅನ್ನಿ. ನಮ್ಮೂರ ಹುಡುಗ ಕಣ್ರೀ ಅವ್ನು. ನನ್ನ ಬಾಯಿಂದ ಅವನ ಮ್ಯಾಲೆ ಹೇಳಿದ್ರೆ ಊರಲ್ಲಿ ನೀರು ಹುಟ್ಟಲ್ಲ ನಂಗೆ."

ಪರಮೇಶಪ್ಪನವರನ್ನು ಕೇಳಲಿಲ್ಲವೇ ಅಂದೆ. ಕೇಳಿದ್ದರಂತೆ. ಸರ್ಕಾರಕ್ಕೆ ಬರೆದುಕೊಟ್ಟಿದ್ದೀನಿ, ಒಂದು ಕಾಯಿ ಅಲುಗಿದರೆ ಹುಡುಗನನ್ನು ಜೈಲಿಗೆ ಹಾಕುತ್ತಾರೆ, ಅವನು ವಿದೇಶದ ಆಟ ಮುಗಿಸಿ ಬರಲಿ ತಾಳು ಅಂದರಂತೆ. ನನ್ನ ಮುಚ್ಚಳಿಕೆ ಆ ಊರಿನಲ್ಲಿ ಅಷ್ಟು ಕೆಲಸ ಮಾಡಿತ್ತು.

ಕಚೇರಿಗೆ ಹೋಗಿ ಮರುತಪಾಸಣೆ ಬೇಕು ಅಂತ ನಾಲ್ಕು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆಫೀಸರು ಬರುತ್ತಿದ್ದರು, ಕಾಯಿ ಯಾರ್ಯಾರದು ಅಂತ ತಿಳಿಯುತ್ತಿತ್ತು, ಶಂಕರಮ್ಮನ ಕಾಯಿ ಶಂಕರಮ್ಮನ ಮನೆಗೆ ಹೋಗುತ್ತಿತ್ತು. ಆದರೆ ಹಾಗೆ ಬರೆದರೆ ಮೊದಲನೇ ವರದಿ ಸುಳ್ಳು ಅಂತಾಗುತ್ತದೆ. ರುದ್ರೇಶನೂ ಸಿಕ್ಕಿಬೀಳುತ್ತಾನೆ. ಅವನು ಆ ವಾರ ವಿಕೆಟ್ ಮೇಲೆ ವಿಕೆಟ್ ತೆಗೆಯುತ್ತಿದ್ದ. "ಇನ್ನೊಂದಷ್ಟು ದಿನ ತಡೀರಿ, ನೋಡೋಣ" ಅಂದೆ. ಹಾಗೆ ಹೇಳಿ ಜೇಬಿಗೆ ಕೈ ಹಾಕಿದೆ, ಐವತ್ತು ರೂಪಾಯಿ ಕೊಡೋಣ ಅಂತ. ಶಂಕರಮ್ಮ ನನ್ನ ಕೈ ನೋಡಿದರು. "ಬತ್ತೀನಿ ಸ್ವಾಮಿ" ಎಂದು ಎದ್ದು ಹೋದರು.

ಆಫೀಸರು ವರದಿ ನಂಬಿ ಕಡತ ಮುಚ್ಚಿದರು. ಮತ್ತೊಮ್ಮೆ ನೋಡಲು ಯಾರೂ ಹೋಗಲಿಲ್ಲ, ನಾನೂ ನೆನಪಿಸಲಿಲ್ಲ. ಹಾಗಾಗಿ ಮುಚ್ಚಳಿಕೆಯನ್ನು ಯಾರೂ ರದ್ದು ಮಾಡಲಿಲ್ಲ. ಸಂಕ್ರಾಂತಿ ಕಳೆದು ರುದ್ರೇಶ್ ಊರಿಗೆ ಬಂದ ಮೇಲೆ ಅಟ್ಟದ ಕಾಯಿ ಇಳಿಸಿದರಂತೆ. ಅಷ್ಟರಲ್ಲಿ ಶಂಕರಮ್ಮನ ಕೊಬ್ಬರಿಗೆ ಹುಳ ಬಿದ್ದಿತ್ತು. ಸೀಟು ಯಾವತ್ತೋ ಬೇರೆಯವರಿಗೆ ಹೋಗಿತ್ತು.

ಮರುವರ್ಷ ಬೆಂಗಳೂರಿನ ಬೇರೊಂದು ತಂಡದವರು ಜಾಹೀರಾತು ಕಂಪನಿಯ ಕಡೆಯಿಂದ ಎಳೆ ಹಿಡಿದು ರುದ್ರೇಶನನ್ನು ಹಿಡಿದರು. ಪತ್ರಿಕೆಯಲ್ಲಿ ದೊಡ್ಡದಾಗಿ ಬಂತು. ಅದೇ ವಾರ ನಾನು ತಿಪಟೂರಿನಲ್ಲಿ ಒಬ್ಬ ಸಣ್ಣ ಕೊಬ್ಬರಿ ವ್ಯಾಪಾರಿಯನ್ನು ಹಿಡಿದಿದ್ದೆ. ಅವನು ಮುಚ್ಚಿಟ್ಟದ್ದು ರುದ್ರೇಶನದರ ಮುಂದೆ ಚಿಲ್ಲರೆ. ಆದರೂ ಹೋಟೆಲಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ, ಬೆನ್ನ ಹಿಂದೆ ಕಳ್ಳ ಅನ್ನುತ್ತಿದ್ದರು. ಅದೇ ಹೋಟೆಲಿನಲ್ಲಿ, ಅದೇ ಜನ, ಪತ್ರಿಕೆ ಮಡಿಸಿಟ್ಟು ಹೇಳಿದ್ದನ್ನು ಕಿವಿಯಾರೆ ಕೇಳಿದೆ: "ದೇಶಕ್ಕೋಸ್ಕರ ಬೆವರು ಸುರಿಸೋನ್ ಹತ್ರ ತೆರಿಗೆ ಕೇಳ್ತಾರಲ್ಲಾ, ಮಾನ ಮರ್ಯಾದೆ ಬ್ಯಾಡ್ವಾ ಇವ್ರಿಗೆ. ಸರ್ಕಾರವೇ ಅವನಿಗೆ ಎದುರು ದುಡ್ಡು ಕೊಡ್ಬೇಕು ಕಣ್ಲಾ." ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ವರ್ಷದ ಹಿಂದೆ ನಾನು ಇದನ್ನೇ ಸರ್ಕಾರಿ ಕಾಗದದ ಮೇಲೆ, ಮೊಹರು ಒತ್ತಿ ಹೇಳಿದ್ದೆ.

ರುದ್ರೇಶ್ ದಂಡ ಕಟ್ಟಿ ಕೈ ತೊಳೆದುಕೊಂಡ. ಎರಡು ತಿಂಗಳಿಗೆ ತಿಪಟೂರಿನ ಕಾಲೇಜು ಮೈದಾನದಲ್ಲಿ ಅವನಿಗೆ ಸನ್ಮಾನ ಏರ್ಪಾಡಾಯಿತು. ಕೊಬ್ಬರಿ ಉಂಡೆಯ ಹಾರ ಹಾಕಿದರು. ನಾನೂ ಹೋಗಿದ್ದೆ. ಜನ ಎದ್ದು ಚಪ್ಪಾಳೆ ತಟ್ಟಿದಾಗ ನನ್ನ ಕೈಯೂ ತಟ್ಟಿತು. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ, ಆದರೆ ತಟ್ಟಿದ್ದು ನಿಜ.

ಪಕ್ಕಕ್ಕೆ ತಿರುಗಿದರೆ ಹೆಂಗಸರ ಸಾಲಿನಲ್ಲಿ ಶಂಕರಮ್ಮ. ಊರಿನವರ ಜೊತೆ ಲಾರಿಯಲ್ಲಿ ಬಂದಿದ್ದರು. ಜೊತೆಗೆ ಮಗಳು, ಬೆರಳ ತುದಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದಳು. ಮಂಡಿಯಲ್ಲಿ ಚಿಪ್ಪು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ ಅಂದರು. ಏನಾದರೂ ಮಾತಾಡಬೇಕಲ್ಲ, "ನಿಮಗೆ ಅವನ ಮೇಲೆ ಸಿಟ್ಟಿಲ್ವಾ?" ಅಂತ ಕೇಳಿದೆ.

ಶಂಕರಮ್ಮ ದನಿ ಏರಿಸಲಿಲ್ಲ. "ಅವನ ಮ್ಯಾಲೇನು ಸಿಟ್ಟು ಬುಡಿ. ಅವ್ನು ಚೆಂಡು ಎಸೆಯೋನು. ಕಾಯಿ ಬೇಕು ಅಂತ ಹೇಳಿ ಕಳಿಸ್ದ, ನಾವೇ ತಲೆ ಮ್ಯಾಲೆ ಹೊತ್ಕೊಂಡ್ ಹೋಗಿ ಕೊಟ್ವಿ. ಅದು ನಮ್ಮ ದಡ್ಡತನ. ನೀವು ಏಣಿ ಮ್ಯಾಲೆ ನಿಂತು ಕಾಯಿ ಅಲ್ಲಾಡಿಸ್ದಾಗ ನಾನು ಕೆಳಗೇ ಇದ್ದೆ. ನಿಮಗೆ ತಿಳೀತು ಅಂತ ನಂಗೆ ತಿಳೀತು. ಸದ್ಯ, ಇವ್ರು ಬರೀತಾರೆ, ನಮಗೆ ನಾಲ್ಕು ಬೈದು ಕಾಯಿ ಎತ್ಕೊಂಡ್ ಹೋಗ್ರಿ ಅಂತಾರೆ ಅನ್ಕಂಡೆ. ನೀವು ಬರಿಯೋಕೇ ಅಂತ ಬಂದೋರು. ಯಾಕ್ ಬರೀಲಿಲ್ಲ?"

ವೇದಿಕೆಯಲ್ಲಿ ಯಾರೋ ಮೈಕು ಹಿಡಿದರು, ಶಂಕರಮ್ಮ ಆ ಕಡೆ ತಿರುಗಿದರು. ಮಾರನೆಯ ದಿನ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಸಂಜೆ ಅದನ್ನು ನಾನೇ ಹರಿದೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ನಮಗೆ ಬಹಳ ಬೇಕಾದವರ, ಬಹಳ ಮೆಚ್ಚಿದವರ ಕಡತ ಬಂದರೆ ಅದನ್ನು ತೆರೆಯದೆ ಪಕ್ಕದ ಮೇಜಿಗೆ ಕೊಟ್ಟುಬಿಡಬೇಕು. ಮುಂದಿನ ಸರ್ವಿಸಿನಲ್ಲಿ ಹಾಗೇ ಮಾಡಿದೆ. ಕೈ ಕೆಳಗಿನವರಿಗೂ ಹೇಳಿಕೊಟ್ಟೆ, ಕಾರಣ ಮಾತ್ರ ಹೇಳಲಿಲ್ಲ. ಜನ ಮೆಚ್ಚಿದವರನ್ನು ಕ್ಷಮಿಸುತ್ತಾರೆ, ಅದು ಜನರ ಪಾಡು. ನನಗೆ ಸಂಬಳ ಕೊಡುತ್ತಿದ್ದುದು ಹಾಗೆ ಕ್ಷಮಿಸದೆ ಇರುವುದಕ್ಕೆ.

ಈಗಲೂ ಅಂಗಡಿಯಲ್ಲಿ ತೆಂಗಿನಕಾಯಿ ಕೊಳ್ಳುವಾಗ ನಾನು ಅಲ್ಲಾಡಿಸಿ ನೋಡುವುದಿಲ್ಲ. ತೆಂಗಿನ ಸೀಮೆಯಲ್ಲಿ ಹುಟ್ಟಿ ಕೊಳೆತ ಕಾಯಿ ತರುತ್ತೀರಲ್ಲ ಅಂತ ಹೆಂಡತಿ ಬೈಯುತ್ತಾಳೆ. ಬೈಯಲಿ. ಅಲ್ಲಾಡಿಸಿದರೆ ಒಳಗೇನಿದೆ ಅಂತ ನನಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಹೇಳಬೇಕಾಗುತ್ತದೆ.